ಸುನಂದಕ್ಕ ಅಳಿಸಲು ಬಿಡದ ಪ್ಯಾರಾಮೀಟರ್

ಸುನಂದಕ್ಕ ಯಾವುದನ್ನೂ ಒಂದೇ ಸಲಕ್ಕೆ ನಂಬಿದವರಲ್ಲ. ಕುರ್ಲಾದಲ್ಲಿ ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಫಲಕ ನೋಡಿಯೇ ಲೋಕಲ್ ರೈಲು ಹತ್ತಿದರೂ ಬಾಗಿಲಲ್ಲಿದ್ದವರನ್ನು "ವಿಕ್ರೋಳಿ ರುಕೇಗಿ ನಾ?", ವಿಕ್ರೋಳಿಯಲ್ಲಿ ನಿಲ್ಲುತ್ತದಲ್ಲವೇ, ಎಂದು ಕೇಳುತ್ತಿದ್ದರು, ಒಳಗೆ ಹೋಗಿ ಇನ್ನೊಬ್ಬರನ್ನು. ಕ್ಯಾಂಟೀನಿನ ಚಹಾವನ್ನು ಮೊದಲು ಮೂಸುತ್ತಿದ್ದರು. ಅರ್ಧ ಆಯುಷ್ಯ ಮುಂಬಯಿಯಲ್ಲೇ ಕಳೆದಿದ್ದರೂ ಮಾತು ಮಾತ್ರ ವಿಜಯಪುರದ್ದೇ.

ವಿಕ್ರೋಳಿಯ ನಮ್ಮ ಆಫೀಸಿನಲ್ಲಿ ಅವರೂ ನಾವೂ ಸೇರಿ, ರೋಗಿಯ ನರಕ್ಕೆ ಔಷಧಿಯನ್ನು ಹನಿಹನಿಯಾಗಿ ಬಿಡುವ ಪಂಪಿಗೆ ಪ್ರೋಗ್ರಾಂ ಬರೆಯುತ್ತಿದ್ದೆವು. ಹೊಸ ಮಾದರಿ ಆಸ್ಪತ್ರೆಗೆ ಹೊರಡುವ ಮುನ್ನ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ತೋರಿಸುವ ವಾರ್ನಿಂಗ್‌ಗಳನ್ನೆಲ್ಲ, ಅಂದರೆ ಎಚ್ಚರಿಕೆಗಳನ್ನೆಲ್ಲ, ತೆಗೆಯಬೇಕೆಂದು ಮ್ಯಾನೇಜರ್ ನನಗೆ ಹೇಳಿದರು. ಕೊನೆಗೆ ಉಳಿದದ್ದು ಒಂದು. ಮೆಮೊರಿಯಲ್ಲಿ ಜಾಗ ಹಂಚುವ ಫಂಕ್ಷನ್ನಿಗೆ, ಆ ಜಾಗ ಯಾವ ಗಡಿಯಿಂದ ಶುರುವಾಗಬೇಕು ಎಂದು ತಿಳಿಸುವ ಒಂದು ಪ್ಯಾರಾಮೀಟರ್ ಇತ್ತು. ಒಳಗೆ ಎಲ್ಲೂ ಅದರ ಬಳಕೆಯಿರಲಿಲ್ಲ. ಅಳಿಸಲು ಹೊರಟೆ.

"ತಡಿ," ಎಂದರು ಹಿಂದೆ ನಿಂತಿದ್ದ ಸುನಂದಕ್ಕ. "ಅದನ್ನ ಯಾರು ಇಟ್ಟಾರ? ಯಾಕ ಇಟ್ಟಾರ?"

"ಯಾರೂ ಬಳಸುವುದಿಲ್ಲ ಅಕ್ಕ."

"ಬಳಸಂಗಿಲ್ಲ ಅಂದ್ರ ಬ್ಯಾಡಾತು ಅಂತೇನು? ಬಳಸೋದನ್ನ ಮರ್ತಿರಬೇಕು."

ಮಂಗಳೂರಿನವರಾದ ಮ್ಯಾನೇಜರಿಗೆ ಸಿಟ್ಟು ಬಂತು. "ನಿಮಗೆ ಎಲ್ಲದರಲ್ಲೂ ಡೌಟ್ ಮಾರಾಯ್ರೆ. ಹಳೆ ಪಂಪ್ ಇಷ್ಟು ವರ್ಷ ನಡೆಯಲಿಲ್ವಾ?"

"ನಡದೈತಿ. ಈಗ ಒಳಗಿನ ಸರ್ಕ್ಯೂಟ್ ಬೋರ್ಡ್ ಹೊಸಾದು."

ಪಂಪ್ ತಡವಾಗಲಿ ಎಂದೇ ಆಕೆ ಹೀಗೆ ಮಾಡುತ್ತಾಳೆ, ಬೇರೆ ಕಂಪನಿಯವರ ಜೊತೆ ಮಾತಾಡಿಕೊಂಡಿರಬೇಕು ಎಂಬ ಗುಸುಗುಸು ಎದ್ದಿತು. ಅವರು ಬಂದರೆ ಕೆಲವರು ಮಾತು ನಿಲ್ಲಿಸುತ್ತಿದ್ದರು. ಸುನಂದಕ್ಕನಿಗೆ ಗೊತ್ತಿತ್ತು. ಪಂಪಿಗೆ ನೀರು ತುಂಬಿಸಿ, ಔಷಧಿಯ ಪ್ರಮಾಣವನ್ನು ಮತ್ತೆ ಮತ್ತೆ ಬದಲಿಸುತ್ತ ಒಬ್ಬರೇ ಕೂತರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ಸಂಜೆಯ ಹೊತ್ತಿಗೆ ಹನಿ ನಿಂತಿತು. ಅಲಾರಂ ಕೂಗಲಿಲ್ಲ. ಪರದೆಯ ಮೇಲೆ ಮಾತ್ರ ಪಂಪ್ ನಡೆಯುತ್ತಿದೆ ಎಂದೇ ಇತ್ತು. ಫಂಕ್ಷನ್ ಆ ಪ್ಯಾರಾಮೀಟರನ್ನು ಗಮನಿಸದ್ದರಿಂದ ಪ್ರೋಗ್ರಾಂ ಕೇಳಿದ್ದು ಒಂದು ಗಡಿ, ಸಿಕ್ಕ ಜಾಗ ಇನ್ನೊಂದು ಕಡೆ. ಹಳೆ ಬೋರ್ಡ್ ಸಹಿಸಿಕೊಂಡದ್ದನ್ನು ಹೊಸದು ಸಹಿಸಲಿಲ್ಲ.

ನಾವೆಲ್ಲ ಸುತ್ತ ನಿಂತಿದ್ದೆವು. ಗೆದ್ದ ಕಳೆ ಅವರ ಮುಖದಲ್ಲಿರಲಿಲ್ಲ. "ನನ್ನ ಸಂಶಯ ಸುಳ್ಳಾಗಬೇಕಿತ್ತು," ಎಂದರು.

ಆ ಪ್ಯಾರಾಮೀಟರನ್ನು ಫಂಕ್ಷನ್ನಿನಲ್ಲಿ ಸರಿಯಾಗಿ ಬಳಸಿದ ಮೇಲೆ ವಾರ್ನಿಂಗ್ ತಾನಾಗಿಯೇ ಹೋಯಿತು. ಮ್ಯಾನೇಜರ್ ಮಾತ್ರ ಅವರಿಗೆ ಮತ್ತೆ ದೊಡ್ಡ ಕೆಲಸ ಕೊಡಲಿಲ್ಲ. ಸುನಂದಕ್ಕ ಜೋಗೇಶ್ವರಿಯ ಸಣ್ಣ ಕಂಪನಿಯೊಂದಕ್ಕೆ ಹೋದರು.

ಕೊನೆಯ ಸಲ ಸಿಕ್ಕಿದ್ದು ಕುರ್ಲಾ ಸ್ಟೇಷನ್ನಿನ ಸೇತುವೆ ಮೇಲೆ. ತುಂಬ ಸೊರಗಿಹೋಗಿದ್ದರು. ಮೆಮೊರಿಯ ಕೋಡನ್ನು ನಾನು ಹೊಸದಾಗಿ ಬರೆದೆನೆಂದೂ ಎಲ್ಲ ಪರೀಕ್ಷಿಸಿದ್ದೇನೆಂದೂ ಹೇಳಿ, ಪ್ರಶ್ನೆಗಳಿಗೆ ಕಾದೆ.

"ನೀ ನೋಡೀಯಲ್ಲ. ಸಾಕು ಬಿಡಪಾ," ಎಂದು ಕಂಬಿ ಹಿಡಿದು ಮೆಟ್ಟಿಲಿಳಿದರು.

ಅವರು ಅಷ್ಟು ಸುಲಭವಾಗಿ ನಂಬಿದ್ದೇ ನನಗೆ ಹೆದರಿಕೆ ಹುಟ್ಟಿಸಿತು. ಮರುದಿನ ಇಡೀ ಕೋಡನ್ನು ಮೊದಲಿನಿಂದ ಪರೀಕ್ಷಿಸಿದೆ. ಸರಿಯಾಗಿಯೇ ಇತ್ತು. ಫೋನ್ ಮಾಡಿ ಹೇಳಬೇಕು ಅಂದುಕೊಂಡೇ ದಿನ ತಳ್ಳಿದೆ. ಅಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.