ಕುಬಸದ ಡಾಕ್ಟರು

ಪ್ರೊಫೆಸರ್ ನೀಲಾ ಅವರ ಮುಂದೆ ಪರೀಕ್ಷೆಗೆ ಕೂತ ವೈದ್ಯಕೀಯ ವಿದ್ಯಾರ್ಥಿಗಳ ಗಂಟಲು ಒಣಗುತ್ತಿದ್ದುದು ದೊಡ್ಡ ದೊಡ್ಡ ರೋಗಗಳ ಹೆಸರು ಕೇಳಿದ್ದಕ್ಕಲ್ಲ. "ಆ ಬಸುರಿ ಹೆಣ್ಮಗಳನ್ನ ನೋಡಿ ಬಂದಿಯಲ್ಲ, ಆಕಿ ಕೈಯಾಗಿನ ಬಳಿ ಸಡ್ಲ ಇದ್ದುವೋ, ಬಿಗಿ ಇದ್ದುವೋ?" ಎಂದು ಕೇಳಿಬಿಡುತ್ತಿದ್ದರು. ಪುಸ್ತಕ ಅರೆದು ಕುಡಿದು ಬಂದವರೂ ಸೂರಿನ ಕಡೆ ಕಣ್ಣು ಹಾಯಿಸುತ್ತಿದ್ದರು. ಬಂಕಾಪುರದ ಆಸೀಮ ಎಂಬ ಹುಡುಗ ಧೈರ್ಯ ಮಾಡಿ, "ಹಸರ ಇದ್ದುವ್ರಿ ಮೇಡಂ" ಎಂದಿದ್ದ. "ಕಣ್ಣರ ಅದಾವಲ್ಲ, ಪುಣ್ಯಾ. ಹೋಗು, ಆಕೀನ್ನ ಕೇಳಿ ಬಾ" ಎಂದು ಅವನನ್ನು ವಾರ್ಡಿಗೆ ವಾಪಸು ಅಟ್ಟಿದ್ದರು.

ಬಳೆಯ ಈ ಗೀಳು ಅವರಿಗೆ ಸುಮ್ಮನೆ ಹತ್ತಿದ್ದಲ್ಲ. ಹುಬ್ಬಳ್ಳಿಯಲ್ಲಿ ಹೆರಿಗೆ ವಿಭಾಗದ ಮೇಲ್ಮಟ್ಟದ ಓದು ಓದುತ್ತಿದ್ದಾಗ ಹಾನಗಲ್ ಕಡೆಯ ಹಳ್ಳಿಯೊಂದರಿಂದ ಒಬ್ಬ ಬಸುರಿಯನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಂದಿದ್ದರು. ಬರುವಾಗಲೇ ಆಕೆಗೆ ಫಿಟ್ಸ್ ಶುರುವಾಗಿ ಮೈ ಸೆಟೆದಿತ್ತು. ಬಾತ ಕೈಯಲ್ಲಿ ಹಸಿರು ಗಾಜಿನ ಬಳೆಗಳು ಹೂತುಹೋಗಿದ್ದವು. ಸಲೈನ್ ಹಚ್ಚಬೇಕೆಂದರೆ ಅವನ್ನು ಒಡೆದು ತೆಗೆಯಬೇಕಾಯಿತು. "ಏಳನೇ ತಿಂಗಳ ಕುಬಸದಾಗ ಇಡಿಸಿದ್ದುವ್ರಿ. ಮೊನ್ನಿಂದ ಬಿಗಿ ಆಗಿದ್ದುವು. ಮಗಳು ಮೈ ತುಂಬಾಕತ್ತಾಳ ಅಂತ ನಾವು ಖುಷಿ ಪಟ್ವಿ" ಎಂದು ಆಕೆಯ ಅವ್ವ ಹೊರಗೆ ಗೋಡೆಗೆ ಆತು ಕೂತು ಹೇಳಿದಳು. ಹೆಣ್ಣುಮಗಳು ಉಳಿಯಲಿಲ್ಲ. ಆ ತಾಯಿಯ ಮಾತು ನೀಲಾ ಅವರ ತಲೆಯಿಂದ ಮುಂದೆಂದೂ ಹೋಗಲಿಲ್ಲ.

ಬಸುರಿಯರಿಗೆ ಕೈಕಾಲು ಬಾಯುವುದು ಸಾಮಾನ್ಯ, ಬಾತವರಿಗೆಲ್ಲ ರೋಗವಿರುವುದಿಲ್ಲ. ಆದರೆ ಬಿ.ಪಿ. ಏರಿ ತಾಯಿಯನ್ನೂ ಕೂಸನ್ನೂ ಒಟ್ಟಿಗೇ ನುಂಗುವ ಕೇಡೊಂದಿದೆ. ಅದು ಎಷ್ಟೋ ಸಲ ಮೊದಲು ಕೈಯಲ್ಲೇ ಕಾಣಿಸಿಕೊಳ್ಳುತ್ತದೆ. "ಬಳಿ ಬಿಗಿ ಅಂದಕೂಡ್ಲೇ ಬಿ.ಪಿ. ನೋಡ್ರಿ. ಸರಿ ಇದ್ರ ಖುಷಿ ಪಡ್ರಿ. ಏರಿತ್ತಂದ್ರ, ಆಗಿಂದಾಗ ಔಷಧ ಮಾಡಿದ್ರ ಎರಡ ಜೀವ ಉಳೀತಾವು" ಎಂದು ಅವರು ನೌಕರಿಯುದ್ದಕ್ಕೂ ಹೇಳಿದ್ದನ್ನೇ ಹೇಳಿದರು. ಕೇಳಿದವರಿಗೆ ಬೇಸರ ಬಂದೀತೆಂದು ಅವರು ಯಾವತ್ತೂ ಅಂಜಲಿಲ್ಲ.

ಅವರು ಹುಟ್ಟಿದ್ದು ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯಲ್ಲಿ. ಅಪ್ಪ ಲಕ್ಷ್ಮಪ್ಪ, ಅವ್ವ ಕರೆವ್ವ, ಇಬ್ಬರೂ ಹೊಲಮನೆಯ ಮಂದಿ. ಮಗಳು ಡಾಕ್ಟರಿಕೆ ಓದುತ್ತೇನೆಂದಾಗ ಲಕ್ಷ್ಮಪ್ಪ ಬಹಳ ಹೊತ್ತು ವಿಚಾರ ಮಾಡಿ, "ದನದ ಡಾಕ್ಟರ್ ಆದ್ರ ಊರಿಗೆ ಉಪಯೋಗ ಆಗ್ತಿತ್ತು ನೋಡು" ಎಂದಿದ್ದನಂತೆ. ಮಗಳು ಮಂದಿಯ ಡಾಕ್ಟರೇ ಆದಳು. ಹೆರಿಗೆ ವಿಭಾಗವನ್ನೇ ಯಾಕೆ ಆರಿಸಿಕೊಂಡೆ ಎಂದು ಕೇಳಿದವರಿಗೆ, "ಮಂದಿ ನಕ್ಕೋತ ಮನಿಗೆ ಹೋಗೂ ವಾರ್ಡು ದವಾಖಾನ್ಯಾಗ ಅದೊಂದ ಐತಿ" ಎನ್ನುತ್ತಿದ್ದಳು. ಕೂಡಿ ಓದಿದ ಪ್ರಭುವನ್ನು ಮದುವೆಯಾದಳು. ಆರು ವರ್ಷದ ಸಂಸಾರ, ಮಕ್ಕಳಾಗಿರಲಿಲ್ಲ. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ಪ್ರಭು ಬಾಗಿಲಲ್ಲೇ ಎದೆ ಹಿಡಿದುಕೊಂಡು ಕುಸಿದ. ಮನೆಯಲ್ಲಿದ್ದ ಇನ್ನೊಬ್ಬ ಡಾಕ್ಟರಾದ ನೀಲಾ ಅವರಿಗೆ ಏನೂ ಮಾಡಲಾಗಲಿಲ್ಲ.

ಹಿರಿಯರು ಬಂದು ನೀಲಾ ಅವರ ಕೈಬಳೆ ತೆಗೆಸಿದರು. ಆ ದುಃಖದಲ್ಲಿ ಬೇಡ ಎನ್ನುವ ತ್ರಾಣವಿರಲಿಲ್ಲ. ಮುಂದೆ ತ್ರಾಣ ಬಂದಾಗ ಕೈ ಬರಿದಾಗಿರುವುದೇ ರೂಢಿಯಾಗಿ ಹೋಗಿತ್ತು.

ವರ್ಷ ಕಳೆದ ಮೇಲೆ ಸವಣೂರಿನಲ್ಲಿ ಗೆಳತಿಯ ತಂಗಿಯ ಕುಬಸ ಬಂತು. ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮುತ್ತೈದೆಯರು ಆರತಿ ಮಾಡಿ ಉಡಿ ತುಂಬುವ ಕಾರ್ಯ. ನೀಲಾ ಎಲ್ಲರ ನಡುವೆ ಹೋಗಿ ಕೂತಿದ್ದರು. ಮುದುಕಿಯೊಬ್ಬಳು ಏನೂ ಅನ್ನದೆ, ಆರತಿ ತಟ್ಟೆಯನ್ನು ಅವರ ಮುಂದಿನಿಂದ ಎತ್ತಿ ಆಚೆ ಇಟ್ಟಳು. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನೀಲಾ ಎದ್ದು ಅಡುಗೆಮನೆಗೆ ಹೋಗಿ ಕೂತರು. ಅವಮಾನಕ್ಕೆ ಕಿವಿ ಸುಡುತ್ತಿತ್ತು.

ಹಾಗೆ ಕೂತಲ್ಲೇ ಅವರಿಗೊಂದು ವಿಚಾರ ಹೊಳೆಯಿತು. ದವಾಖಾನೆಗೆ ಬಾ ಎಂದರೆ ನಮ್ಮ ಬಸುರಿಯರು ಹತ್ತು ನೆಪ ಹೇಳುತ್ತಾರೆ. ಆದರೆ ಕುಬಸಕ್ಕೆ ಕೂಡದ ಚೊಚ್ಚಲ ಬಸುರಿ ಈ ಸೀಮೆಯಲ್ಲಿ ಇಲ್ಲವೆಂದೇ ಹೇಳಬೇಕು. ಮುಂದೆ ಪ್ರತಿ ಭಾನುವಾರ ಬಿ.ಪಿ. ನೋಡುವ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು, ಒಂದಿಬ್ಬರು ವಿದ್ಯಾರ್ಥಿಗಳನ್ನೂ ಕಟ್ಟಿಕೊಂಡು, ಶಿಗ್ಗಾವಿ, ಸವಣೂರು, ಹಾನಗಲ್, ಹಿರೇಕೆರೂರು ಎನ್ನದೆ ಕರೆದವರ ಮನೆಯ ಕುಬಸಕ್ಕೆಲ್ಲ ಹೋಗತೊಡಗಿದರು. ಆರತಿಗೆ ಮೊದಲು ಬಸುರಿಯನ್ನು ಒಳಕೋಣೆಗೆ ಕರೆಸಿ ನೋಡುವುದು, ಆಮೇಲೆ ಕಾರ್ಯ ಮುಗಿಯುವ ತನಕ ಅಡುಗೆಮನೆಯಲ್ಲಿ ಕೂಡುವುದು. ಯಾರೂ ಹೇಳುವ ಮೊದಲೇ ತಾವಾಗಿ ಹೋಗಿ ಕೂಡುತ್ತಿದ್ದರು. ಮಂದಿ ಅವರನ್ನು ಪ್ರೀತಿಯಿಂದಲೇ ಕುಬಸದ ಡಾಕ್ಟರು ಎಂದು ಕರೆದರು. ಆ ಒಳಕೋಣೆಗಳಲ್ಲಿ ಸಿಕ್ಕಿಬಿದ್ದ ಬಿ.ಪಿ.ಯಿಂದ ಎಷ್ಟು ತಾಯಂದಿರು ಉಳಿದರೋ ಅವರಿಗೇ ಗೊತ್ತಿರಲಿಲ್ಲ.

ಅವರು ಪ್ರೊಫೆಸರ್ ಆದರು, ವಿಭಾಗದ ಮುಖ್ಯಸ್ಥರಾದರು, ದೂರದೂರದ ಸಮ್ಮೇಳನಗಳಲ್ಲಿ ಶಾಲು ಹೊದಿಸಿಕೊಂಡರು. ಭಾನುವಾರ ಮಾತ್ರ ಯಾರದೋ ಅಡುಗೆಮನೆಯ ಮೂಲೆಯಲ್ಲಿ, ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ಇರುತ್ತಿದ್ದರು. ಆಸೀಮನಿಗೆ ಒಮ್ಮೆ ತಡೆಯಲಾಗಲಿಲ್ಲ.

"ನೀವ್ಯಾಕ ಒಳಗ ಕೂಡ್ತೀರಿ ಮೇಡಂ?"

"ನನಗ ಹೆಣ್ಮಕ್ಕಳ ಜೀವ ಬೇಕಪಾ, ಆರತಿ ತಾಟ ಬ್ಯಾಡ."

ಮಾತು ಚೆನ್ನಾಗಿತ್ತು. ಪೂರ್ತಿ ಖರೇ ಆಗಿರಲಿಲ್ಲ.

ಅವರು ನಿವೃತ್ತರಾಗಿ ಶಿಗ್ಗಾವಿಯಲ್ಲಿ ಮನೆ ಮಾಡಿಕೊಂಡಿದ್ದ ಹೊತ್ತಿಗೆ ತಮ್ಮ ಕೊಟ್ರೇಶನ ಮಗಳು ಹೇಮಾಳ ಕುಬಸ ಬಂತು. ಹೇಮಾ ಅವರ ತೊಡೆಯ ಮೇಲೆ ಬೆಳೆದವಳು, ಹೆತ್ತ ಮಗಳಿಗಿಂತ ಗುಲಗಂಜಿ ತೂಕವೂ ಕಡಿಮೆಯಲ್ಲ. ಅವಳನ್ನು ಹಿರೇಕೆರೂರಿನ ಗುತ್ತೆಪ್ಪ, ಶಾರವ್ವ ದಂಪತಿಯ ಮಗ ಸಾಗರನಿಗೆ ಕೊಟ್ಟಿದ್ದರು; ಗೋವಿನಜೋಳದ ವ್ಯಾಪಾರದ ಮನೆ. ಕಾರ್ಯ ಅತ್ತೆಮನೆಯಲ್ಲಿ, ಬುತ್ತಿ ತವರಿನವರದು. ಹಿಂದಿನ ತಿಂಗಳ ತಪಾಸಣೆಯಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಹೋಳಿಗೆ, ಕರಚಿಕಾಯಿಯ ಬುಟ್ಟಿ ಹೇರಿಕೊಂಡು ಹೊರಟ ಟೆಂಪೋ ದಾರಿಯಲ್ಲಿ ಪಂಕ್ಚರಾಗಿ, ಇವರು ಊರು ಮುಟ್ಟುವಷ್ಟರಲ್ಲಿ ಹೇಮಾಳನ್ನು ಮಣೆಯ ಮೇಲೆ ಕೂಡಿಸಿಯಾಗಿತ್ತು. ಒಳಕೋಣೆಗೆ ಕರೆಸಿ ನೋಡುವ ಹೊತ್ತು ತಪ್ಪಿಹೋಗಿತ್ತು.

"ಮಣಿ ಮ್ಯಾಲಿಂದ ಎಬ್ಬಸಬಾರದ್ರಿ ಅಕ್ಕಾರ. ಆರತಿ ಆದಮ್ಯಾಲೆ ನೋಡೀರಂತ" ಎಂದು ಶಾರವ್ವ ಕೈಮುಗಿದೇ ಹೇಳಿದಳು. ನೀಲಾ ಎಂದಿನಂತೆ ಅಡುಗೆಮನೆಗೆ ನಡೆದರು.

ಪಡಸಾಲೆಯಲ್ಲಿ ಬಳೆಗಾರ ದಸ್ತಗೀರಸಾಬ ಬಳೆ ಇಡಿಸುತ್ತಿದ್ದ. "ಮದಿವ್ಯಾಗ ಎರಡು-ನಾಲ್ಕರ ಅಳತಿ ಇಡಿಸಿದ್ದೆ ನಮ್ಮವ್ವ. ಈಗ ಎರಡು-ಆರೂ ಇಳೀವಲ್ದು" ಎನ್ನುವುದು ಕೇಳಿಸಿತು. "ಅತ್ತೀ ಮನಿ ತುಪ್ಪ ಹತ್ತೇತಿ ತಗೋ!" ಎಂದು ಹೆಂಗಸರು ನಕ್ಕರು. ನೀಲಾ ತಲೆ ಎತ್ತಿದರು. ಅಷ್ಟರಲ್ಲಿ ಚಟ್ಟನೆ ಬಳೆ ಒಡೆದ ಸದ್ದು. ನಗು ನಿಂತುಹೋಯಿತು. ಕುಬಸದ ಮಣೆಯ ಮೇಲೆ ಬಳೆ ಒಡೆಯುವುದು ಯಾರಿಗೆ ಬೇಕು? ಆ ಮೌನದಲ್ಲಿ ಹೇಮಾಳ ಸಣ್ಣ ದನಿ ಬಂತು: "ಅವ್ವಾ, ತಲಿ ಸಿಡ್ಯಾಕತ್ತೈತಿ. ಕಣ್ಣ ಮುಂದ ಮಿಂಚು ಹೊಡದಂಗ ಆಗ್ತೈತಿ."

ನೀಲಾ ಎದ್ದು ಅಡುಗೆಮನೆಯ ಹೊಸ್ತಿಲಿಗೆ ಬಂದರು. ಈಗ ಬಿಟ್ಟರೆ ಆರತಿ ಮುಗಿಯುವಷ್ಟರಲ್ಲಿ ಹುಡುಗಿಗೆ ಫಿಟ್ಸ್ ಬರಬಹುದು, ಹಾನಗಲ್ಲಿನ ಆ ಹೆಣ್ಣುಮಗಳಂತೆ. ಮುಟ್ಟಿ ನೋಡಿದರೆ, ಮುಂದೆ ಆಗುವ ಕೇಡೆಲ್ಲ ಬರಿಗೈಯ ವಿಧವೆ ಮಣೆಯ ಹತ್ತಿರ ಬಂದದ್ದಕ್ಕೇ ಆಯಿತು ಎನ್ನುತ್ತಾರೆ. ಈ ರೋಗಕ್ಕೆ ಕೂಸನ್ನು ಹೊರತೆಗೆಯುವುದೊಂದೇ ಮದ್ದು, ಇದೋ ಏಳೇ ತಿಂಗಳ ಕೂಸು. ಕೇಡು ಬಹುಮಟ್ಟಿಗೆ ಆಗಿಯೇ ಆಗುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ತಮ್ಮನ ಮನೆಯ ಬಾಗಿಲು ಅಂದೇ ಮುಚ್ಚಬಹುದು ಎಂಬುದೂ ಗೊತ್ತಿತ್ತು. ಹೊಸ್ತಿಲು ದಾಟಿದರು.

ಶಾರವ್ವ ಅಡ್ಡ ಬಂದಳು. "ಐದ ಮಿನಿಟ ನಿಂದರ್ರಿ ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೇನಿ." ಕೆಟ್ಟ ಹೆಂಗಸಲ್ಲ, ಹೆದರಿದ್ದಳು ಅಷ್ಟೇ.

"ಬೀಳಬ್ಯಾಡ್ರಿ, ಸರೀರಿ" ಎಂದ ನೀಲಾ ಆರತಿ ತಟ್ಟೆಯನ್ನು ತಾವೇ ಎತ್ತಿ ಬದಿಗಿಟ್ಟು, ಹೇಮಾಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ಮೇಲಿನ ಅಂಕಿ ನೂರಾ ಎಂಬತ್ತು ದಾಟಿತ್ತು. "ಸಾಗರ, ಗಾಡಿ ತಗೀ. ಈಗಿಂದೀಗ" ಎಂದರು. ಸಾಗರ ಕೀಲಿಗಾಗಿ ಒಳಗೆ ಓಡಿದ.

ಊರ ದವಾಖಾನೆಯಲ್ಲಿ ಫಿಟ್ಸ್ ತಡೆಯುವ ಇಂಜೆಕ್ಷನ್ ಹಾಕಿಸಿ ಆಂಬುಲೆನ್ಸಿನಲ್ಲಿ ಹಾವೇರಿಗೆ ಒಯ್ದರು. ಅಲ್ಲಿ ಡಾಕ್ಟರಾಗಿದ್ದವನು ಅದೇ ಆಸೀಮ. ಸಂಜೆಯೊಳಗೆ ಆಪರೇಷನ್ ಮಾಡಿ ಕೂಸನ್ನು ತೆಗೆದ. ಹೇಮಾ ಉಳಿದಳು. ಕೂಸು ಗಾಜಿನ ಪೆಟ್ಟಿಗೆಯಲ್ಲಿ ಮೂರು ದಿನ ಉಸಿರಾಡಿ ಸುಮ್ಮನಾಯಿತು. ಹೆಣ್ಣು ಕೂಸು, ಅಂಗೈಯಲ್ಲಿ ಹಿಡಿಸುವಷ್ಟು. ಸಾವಿರಾರು ಕೂಸುಗಳನ್ನು ಎತ್ತಿದ ನೀಲಾ, ಅದನ್ನು ಬಟ್ಟೆಯಲ್ಲಿ ಸುತ್ತಿ ಸಾಗರನ ಕೈಗೆ ಕೊಡುವಾಗ ಎಲ್ಲರೆದುರು ಅತ್ತುಬಿಟ್ಟರು.

ಅವರು ಎಣಿಸಿದ್ದೇ ಆಯಿತು. "ಮಣಿ ಮ್ಯಾಲೆ ಕುಂತಾಕಿನ್ನ ಮುಟ್ಟಿದ್ಲು, ಕೂಸು ಹೋತು" ಎಂದು ಓಣಿಯೆಲ್ಲ ಆಡಿಕೊಂಡಿತು. ಶಾರವ್ವನೂ ಆಡಿದಳು. ಕೊಟ್ರೇಶನ ಹೆಂಡತಿ ಸುನಿತಾ ಹಬ್ಬಕ್ಕೆ ಕರೆಯುವುದನ್ನು ಬಿಟ್ಟಳು. ಕೊಟ್ರೇಶ ಫೋನಿನಲ್ಲಿ ಮಳೆ ಬೆಳೆಯ ಮಾತಾಡಿ ಇಟ್ಟುಬಿಡುತ್ತಿದ್ದ. ಹೇಮಾ ಒಬ್ಬಳೇ ಕದ್ದುಮುಚ್ಚಿ ಫೋನ್ ಮಾಡುತ್ತಿದ್ದವಳು. ಇಷ್ಟು ಓದಿದವರಿಗೆ ಹಳ್ಳಿಮಾತು ಯಾಕೆ ತಾಗಬೇಕು ಎಂದು ಕೇಳುವವರಿದ್ದಾರೆ. ತಾಗುತ್ತದೆ. ನೀಲಾ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಕುಬಸಗಳಿಗೆ ಕರೆಯುವವರೂ ಕಡಿಮೆಯಾದರು. ಭಾನುವಾರ ಸುಮ್ಮನೆ ಮನೆಯಲ್ಲಿ ಕೂತರೆ, ಇವತ್ತು ಯಾವ ಹುಡುಗಿಯ ಕೈಯಲ್ಲಿ ಬಳೆ ಬಿಗಿಯುತ್ತಿದೆಯೋ ಎಂದು ಬಿ.ಪಿ. ಯಂತ್ರದ ಚೀಲವನ್ನು ಎತ್ತುವುದು, ಇಡುವುದು ಮಾಡುತ್ತಿದ್ದರು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಶಾರವ್ವ ಒಬ್ಬಳೇ ಬಸ್ಸು ಹಿಡಿದು ಶಿಗ್ಗಾವಿಗೆ ಬಂದಳು. ಕುರ್ಚಿಯ ತುದಿಗೆ ಕೂತು, ಕೊಟ್ಟ ನೀರನ್ನೂ ಮುಟ್ಟದೆ ಹೇಳಿದಳು:

"ಹೇಮಾ ಮತ್ತ ಬಸರದಾಳ್ರಿ. ಬರೂ ಐತವಾರ ಕುಬಸ ಇಟ್ಕೊಂಡೇವಿ."

ಹೇಮಾ ಫೋನಿನಲ್ಲಿ ಮೊದಲೇ ತಿಳಿಸಿದ್ದಳು; ನೀಲಾ ನೀರಿನ ಲೋಟವನ್ನು ಶಾರವ್ವನ ಹತ್ತಿರ ಸರಿಸಿದರು.

"ನಿಮ್ಮನ್ನ ಬಾಯಿಗೆ ಬಂದಂಗ ಅಂದೇನ್ರಿ, ಸುಳ್ಳ ಯಾಕ ಹೇಳ್ಲಿ. ಆರತಿ ಆಗೂಮಟ ಬಿಟ್ಟಿದ್ರ ನಮಗ ಸೊಸೀನೂ ಸಿಗ್ತಿರಲಿಲ್ಲ ಅಂತ ಹಾವೇರಿ ಡಾಕ್ಟರು ಹೇಳಿದ್ರು. ತಿಳೀತು. ಆದ್ರ ಹೆದರಿಕಿ ಹೋಗವಲ್ದು. ನೀವು ಹೊರಗ ಬಂದ್ರೂ ಹೆದರಿಕಿ, ಬರಲಿಲ್ಲಂದ್ರ ಅದಕ್ಕಿಂತ ದೊಡ್ಡ ಹೆದರಿಕಿ. ನಾ ಏನ ಮಾಡ್ಲಿ, ನೀವ ಹೇಳ್ರಿ."

"ನಾ ಬರ್ತೇನಿ" ಎಂದರು ನೀಲಾ. "ಆದ್ರ ಅಡಗಿಮನ್ಯಾಗ ಕೂಡೂದಿಲ್ಲ." ಇಷ್ಟು ವರ್ಷ ಎಲ್ಲಿಯೂ 'ಕೂಡುವುದಿಲ್ಲ' ಎಂದು ಬಾಯಿ ಬಿಟ್ಟಿರಲಿಲ್ಲ. "ಅಲ್ಲಿ ಕುಂತ್ರ ಹೊರಗ ಏನ ನಡದೈತಿ ಕಾಣೂದಿಲ್ಲ ಶಾರವ್ವ. ಅವತ್ತ ಬಳಿ ಒಡೀಲಿಲ್ಲಂದ್ರ ನನಗ ಗೊತ್ತ ಆಗ್ತಿರಲಿಲ್ಲ. ಕೂಡಬಾರದಿತ್ತು ನಾ ಅಲ್ಲಿ. ಯಾವತ್ತೂ ಕೂಡಬಾರದಿತ್ತು."

ಶಾರವ್ವ ನೀರು ಕುಡಿದು ಎದ್ದು ಹೋದಳು.

ಭಾನುವಾರ ಹಿರೇಕೆರೂರಿನ ಆ ಪಡಸಾಲೆ ಮತ್ತೆ ತುಂಬಿತ್ತು. ಹೇಮಾ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ನೀಲಾ ಎಲ್ಲರೆದುರಿಗೇ ಬಿ.ಪಿ. ನೋಡಿದರು. ಸರಿಯಿತ್ತು. ಪಟ್ಟಿ ಸುತ್ತಿ ಚೀಲಕ್ಕಿಟ್ಟು ಮೇಲೆದ್ದರು. ಸುತ್ತಲಿನ ಹೆಂಗಸರ ನೋಟ ಮೈಮೇಲೆ ಬಿದ್ದಾಗ, ಮಾತು ಎಷ್ಟೇ ಗಟ್ಟಿಯಾಗಿ ಆಡಿದ್ದರೂ, ಕಾಲುಗಳು ರೂಢಿಯಂತೆ ಅಡುಗೆಮನೆಯ ಕಡೆಗೇ ತಿರುಗಿದವು.

"ಎಲ್ಲಿ ಹೊಂಟ್ರಿ?" ಶಾರವ್ವ ದಸ್ತಗೀರಸಾಬನ ಕೈಯಿಂದ ಒಂದು ಬಳೆ ಇಸಿದುಕೊಂಡು ಬಂದು, ಇಡೀ ಓಣಿಗೆ ಕೇಳುವಂತೆ ಹೇಳಿದಳು: "ಡಾಕ್ಟರು ಬಳಿ ಇಟ್ರ ಅದೇನ ಶಾಸ್ತ್ರ ಅಲ್ಲ, ತಪಾಸಣಿ. ಮೊದಲನೇ ಬಳಿ ಅವರ ಇಟ್ಟ ನೋಡ್ಲಿ."

ಬೇರೆ ದಿನವಾಗಿದ್ದರೆ ನೀಲಾ ಈ ಜಾಣತನಕ್ಕೆ ಸಿಡುಕುತ್ತಿದ್ದರು. ಶಾಸ್ತ್ರವೇ ಆದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಕೇಳಿಯೇಬಿಡುತ್ತಿದ್ದರು. ಆದರೆ ಹೆದರಿಕೆ ಹೋಗದಿದ್ದರೂ ಶಾರವ್ವ ಬಳೆ ಚಾಚಿ ನಿಂತಿದ್ದಳು. ನೀಲಾ ಬಳೆ ತೆಗೆದುಕೊಂಡು ಹೇಮಾಳ ಮುಂದೆ ಕೂತರು. ಜೀವಮಾನವೆಲ್ಲ ಬಳೆ ನೋಡಿದ್ದರು, ಒಬ್ಬರಿಗೂ ಇಡಿಸಿರಲಿಲ್ಲ. ಬಳೆ ಬೆರಳ ಬುಡಕ್ಕೆ ಬಂದು ನಿಂತಿತು. "ಹಂಗಲ್ರಿ ಬಾಯಾರ, ಹೆಬ್ಬಟ್ಟ ಒಳಗ ಒತ್ತಿ ಹಿಡೀರಿ" ಎಂದು ದಸ್ತಗೀರಸಾಬ ಮೆಲ್ಲಗೆ ಹೇಳಿಕೊಟ್ಟ. ಹೇಮಾ ಕೈಯನ್ನು ಪೂರ್ತಿ ಅವರಿಗೆ ಬಿಟ್ಟುಕೊಟ್ಟಳು. ಎರಡು-ನಾಲ್ಕರ ಹಸಿರು ಬಳೆ ಗೆಣ್ಣು ದಾಟಿ, ಎಲ್ಲಿಯೂ ತಡೆಯದೆ ಮಣಿಕಟ್ಟಿಗೆ ಇಳಿಯಿತು.

"ಹೆಂಗೈತ್ರಿ?" ಎಂದು ಶಾರವ್ವ ಕೇಳಿದಳು.

"ಸಡ್ಲ ಐತಿ" ಎಂದರು ನೀಲಾ.

ಶಾರವ್ವ ಆರತಿ ತಟ್ಟೆಯನ್ನು ಎತ್ತಿ ತಂದು ಅವರ ಮುಂದೆ ಇಟ್ಟಳು.