ಹಾವಿನ ಮನೆಗೆ ಬಂದ ಹಾಲುಮರಿ

ಮೃಗಾಲಯದಲ್ಲಿ ಎಲ್ಲರೂ ಅವನನ್ನು ತಂಪಣ್ಣ ಎನ್ನುತ್ತಿದ್ದರು. ಹಾವು, ಹಲ್ಲಿ, ಆಮೆಗಳ ಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವನು. ಮುಟ್ಟುವುದೆಲ್ಲ ತಣ್ಣಗಿನ ಮೈ, ತಲೆ ಮಾತ್ರ ಒಲೆಯ ಮೇಲಿನ ಎಸರು. ಗೇಟಿನವರು ತಮಾಷೆಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು, ನೆಲ ಒರೆಸುವ ಕೆಲಸಕ್ಕೆ ಸೇರಿ, ಎರಡು ಸಲ ಕಡಿಸಿಕೊಂಡು ಬದುಕಿ, ಕೊನೆಗೆ ಡಾಕ್ಟರೇ ‘ನೀನೇ ನೋಡಿ ಹೇಳಪ್ಪ’ ಎನ್ನುವಷ್ಟು ಬಲಿತಿದ್ದ. ಪ್ರಾಣಿಗಳಲ್ಲಿ ಅವನಿಗೆ ಎರಡೇ ಜಾತಿ: ತನ್ನವು, ಮತ್ತು ಹಾಲು ಕುಡಿಯುವವು. ಹಾಲು ಕುಡಿಯುವವು ಅಳುಬುರುಕ ಜಾತಿ, ಹೊತ್ತು ಮೀರಿದರೆ ಬಾಯಿ ಬಡಿದುಕೊಳ್ಳುತ್ತವೆ. ತನ್ನವು ವಾರಕ್ಕೊಮ್ಮೆ ತಿಂದು ಮರ್ಯಾದೆಯಿಂದ ಬಿದ್ದಿರುತ್ತವೆ.

ಇದನ್ನು ಅವನು ಹೇಳುತ್ತಿದ್ದುದೇ ನಾದಿನಿಯ ಕಿವಿಗೆ ಬೀಳಲೆಂದು. ಹೆಂಡತಿಯ ತಂಗಿ ಅದೇ ಮೃಗಾಲಯದ ಇನ್ನೊಂದು ತುದಿಯಲ್ಲಿ, ತಬ್ಬಲಿ ಮರಿಗಳಿಗೆ ಬಾಟಲಿ ಹಾಲು ಕೊಡುವ ಕೋಣೆ ನೋಡಿಕೊಳ್ಳುತ್ತಿದ್ದಳು. ಒಮ್ಮೆ ಅವಳು ಬಾವಲಿ ಮರಿಗೆ ಹಾಲೂಡಿಸಿದ ಕತೆ ಹೇಳಿದಾಗ, ಹಕ್ಕಿಗ್ಯಾಕೆ ಹಾಲು ಎಂದು ಇವನು ಕೇಳಿಬಿಟ್ಟ. ಊಟಕ್ಕೆ ಕುಳಿತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅವಳನ್ನು ಏನೂ ಕೇಳುವುದಿಲ್ಲವೆಂದು ಹಟ ಹಿಡಿದಿದ್ದ.

ಒಂದು ಸೋಮವಾರ ರಸ್ತೆ ಕೆಲಸದವರು ಗೋಣಿಚೀಲದಲ್ಲಿ ಒಂದು ಮರಿಯನ್ನು ತಂದುಕೊಟ್ಟರು. ಡಾಕ್ಟರು ರಜೆಯಲ್ಲಿದ್ದರು. ಎರಡು ಮುಷ್ಟಿಯಷ್ಟಿನ ಉಂಡೆ, ಮೈತುಂಬ ಮಾಸಲು ಚಿಪ್ಪು, ತಲೆ ಬಾಲದೊಳಗೆ ಹುದುಗಿತ್ತು. ಬಿಸಿಲಲ್ಲಿ ಬಂದ ಚೀಲವೇ ಸುಡುತ್ತಿದ್ದುದರಿಂದ ಮೈಬಿಸಿ ಯಾರಿಗೂ ಬೇರೆಯಾಗಿ ತೋರಲಿಲ್ಲ. ಹಾಲಿನ ಕೋಣೆಯವರಿಗೂ ಒಮ್ಮೆ ತೋರಿಸೋಣವೇ ಎಂದು ಗುಮಾಸ್ತ ಕೇಳಿದ. ತಂಪಣ್ಣನ ಎಸರು ಉಕ್ಕಿತು. ಚಿಪ್ಪು ಕಣ್ಣಿಗೆ ಕಾಣುವುದಿಲ್ಲವೇ, ಹಲ್ಲಿಯನ್ನು ತೊಟ್ಟಿಲಿಗೆ ಹಾಕಿ ತೂಗಬೇಕೇ ಎಂದು ರೇಗಿದ. ಬಾಲ ಕಚ್ಚಿಕೊಂಡು ಬಳೆಯಂತಾಗುವ ಮುಳ್ಳುಹಲ್ಲಿಯೊಂದು ಹಿಂದೆ ಅವನ ಬಳಿ ಇತ್ತು; ಇದು ಅದರ ದಾಯಾದಿಯೆಂದು ಬಗೆದ. ಗುಮಾಸ್ತ ಬಾಯಿ ಮುಚ್ಚಿಕೊಂಡು ‘ಹಲ್ಲಿ’ ಎಂದು ಬರೆದುಕೊಂಡ. ತಂಪಣ್ಣನಂಥವನಿಗೆ ಏನೆನ್ನಬೇಕು!

ಹಾವಿನ ಮನೆಯಲ್ಲಿ ಒಂದು ಕಟ್ಟಳೆ ಇದೆ. ಹೊಸದಾಗಿ ಬಂದ ಜೀವಕ್ಕೆ ಐದು ದಿನ ತಿನ್ನಲು ಕೊಡಬಾರದು, ಮುಟ್ಟಬಾರದು. ಬೆದರಿದ ಹಾವು ತಿಂದದ್ದನ್ನೆಲ್ಲ ಕಕ್ಕಿಬಿಡುತ್ತದೆ. ತಂಪಣ್ಣ ಆ ಕಟ್ಟಳೆಯನ್ನು ಒಮ್ಮೆಯೂ ಮುರಿದವನಲ್ಲ. ಗಾಜಿನ ಪೆಟ್ಟಿಗೆಯಲ್ಲಿ, ಕರೆಂಟಿನಿಂದ ಕಾಯುವ ಚಪ್ಪಡಿಯ ಮೇಲೆ ಮರಿಯನ್ನಿಟ್ಟು, ಒಂದು ಬಟ್ಟಲು ನೀರಿಟ್ಟು, ಪರದೆ ಎಳೆದ. ಮಂಗಳವಾರ ಒಳಗೆ ಕೀರಲು ಸದ್ದಾಯಿತೆಂದು ಕಸ ಗುಡಿಸುವವಳು ಹೇಳಿದಳು. ಬಾಗಿಲ ಕೀಲು ಒಣಗಿರಬೇಕೆಂದು ಅವನು ಎಣ್ಣೆ ಬಿಟ್ಟ. ಬುಧವಾರ ಸದ್ದು ನಿಂತಿತು. ಎಣ್ಣೆ ಹಿಡಿಯಿತು ಎಂದುಕೊಂಡ.

ಗುರುವಾರ ಬೆಳಿಗ್ಗೆ ಕರೆಂಟು ಹೋಯಿತು. ಎರಡು ಗಂಟೆ ಕಳೆದರೂ ಬರಲಿಲ್ಲ. ತಂಪಣ್ಣ ಒಂದೊಂದೇ ಪೆಟ್ಟಿಗೆಯೊಳಗೆ ಕೈಯಿಟ್ಟು ನೋಡುತ್ತ ಬಂದ. ಹೆಬ್ಬಾವು ತಣ್ಣಗಿತ್ತು, ಉಡ ತಣ್ಣಗಿತ್ತು, ಕೊನೆಯ ಪೆಟ್ಟಿಗೆಯ ಚಪ್ಪಡಿಯೂ ತಣ್ಣಗಿತ್ತು. ಅದರ ಮೇಲಿನ ಉಂಡೆ ಮಾತ್ರ ಇನ್ನೂ ಬೆಚ್ಚಗಿತ್ತು.

ಕೈ ಅಲ್ಲೇ ನಿಂತಿತು. ತನ್ನ ಮೈಯನ್ನು ತಾನೇ ಕಾಯಿಸಿಕೊಳ್ಳುವ ಹಲ್ಲಿಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಟಾರ್ಚು ಹಾಕಿದ. ಚಿಪ್ಪಿನ ಸಂದಿಯಲ್ಲಿ ಕೂದಲು. ಬಾಲವನ್ನು ಬಿಡಿಸಿದರೆ ಅಡ್ಡಿಯೇ ಮಾಡಲಿಲ್ಲ. ಹೊಟ್ಟೆಯ ಮೇಲೆ ಚಿಪ್ಪಿಲ್ಲ, ಮೆತ್ತನೆಯ ಚರ್ಮ, ಅಲ್ಲೂ ಕೂದಲು. ಪುಟ್ಟ ಕಿವಿ. ಹಲ್ಲಿಲ್ಲದ, ಚೀಪುವ ಬಾಯಿ. ಮಂಗಳವಾರ ಕೂಗಿದ್ದು ಕೀಲಲ್ಲ.

ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ಓಡಿದ. ಮೊಣಕಾಲು ಅವನ ಮಾತು ಕೇಳುವುದನ್ನು ಬಿಟ್ಟು ವರ್ಷಗಳಾಗಿದ್ದವು, ಆದರೂ ಓಡಿದ. ನೋಡಲು ಬಂದ ಜನ, ಹಾವು ತಪ್ಪಿಸಿಕೊಂಡಿದೆಯೆಂದು ಹೆದರಿ ದಾರಿ ಬಿಟ್ಟರು.

ನಾದಿನಿ ಸ್ಟವ್ವಿನ ಮೇಲೆ ಬಾಟಲಿ ಕುದಿಸುತ್ತಿದ್ದಳು.

“ಏನ್ ಭಾವ, ದಾರಿ ತಪ್ತಾ? ಇಲ್ಲಿರೋದೆಲ್ಲ ಅಳುಬುರುಕರು.”

ಅವನು ಉಂಡೆಯನ್ನು ಹೊರತೆಗೆದ. ಅವಳ ಮುಖದ ನಗು ಆರಿಹೋಯಿತು. ಇದು ಚಿಪ್ಪುಹಂದಿಯ ಮರಿ ಎಂದಳು. ಮೈಯಲ್ಲಿ ಕೂದಲು, ಒಳಗೆ ಬಿಸಿ ರಕ್ತ, ಬಾಯಿಗೆ ತಾಯಿಯ ಹಾಲು; ಇಷ್ಟಿದ್ದರೆ ಮೇಲೆ ಚಿಪ್ಪಿರಲಿ, ರೆಕ್ಕೆಯಿರಲಿ, ನೀರಲ್ಲೇ ಈಜುತ್ತಿರಲಿ, ಎಲ್ಲ ಒಂದೇ ಸಾಲು ಎಂದಳು. ಹೇಳುತ್ತಲೇ ಅವಳ ಕೈ ಸಕ್ಕರೆ ನೀರು ಕಲಸುತ್ತಿತ್ತು.

“ಕೊನೇ ಸಲ ಹಾಲು ಯಾವಾಗ ಕುಡೀತು?”

ತಪ್ಪು ಹೊರಿಸಲು ಗುಮಾಸ್ತನ ಹೆಸರು ತಂಪಣ್ಣನ ನಾಲಿಗೆಯ ತುದಿಯವರೆಗೆ ಬಂದಿತ್ತು.

“ಭಾವ, ನಿಜ ಹೇಳಿ. ಎಷ್ಟು ಕೊಡ್ಬೇಕು ಅನ್ನೋದು ಅದರ ಮೇಲಿದೆ.”

“ಸೋಮವಾರದಿಂದ ಏನೂ ಇಲ್ಲ,” ಎಂದ. “ನಾನೇ ಕೊಡ್ಲಿಲ್ಲ.”

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ತಿರುಗಿಸಿ ಬಯ್ಯಬಹುದಿತ್ತು. ಮರಿಗಳ ಬಿಸಿಪೆಟ್ಟಿಗೆಯೂ ಕರೆಂಟಿಲ್ಲದೆ ಸುಮ್ಮನಿತ್ತು. ಅಂಗಿ ಬಿಚ್ಚಿ, ಮರಿಯನ್ನು ಎದೆಗೆ ಒತ್ತಿ ಹಿಡಿದು ಕೂರಿ ಎಂದಳು. ಕೂತ. ಮೇಲೆ ಅವಳು ಕಂಬಳಿ ಹೊದಿಸಿದಳು. ಹಸಿದ ಮರಿಗೆ ಒಮ್ಮೆಲೇ ಹಾಲು ಕೊಟ್ಟರೆ ಜೀವ ಕೈತಪ್ಪುತ್ತದೆಂದು ಪಿಚಕಾರಿಯಲ್ಲಿ ಸಕ್ಕರೆ ನೀರನ್ನು ಹನಿಹನಿಯಾಗಿ ಬಿಟ್ಟಳು. ಮೊದಲ ಹನಿಗೆ ದಾರದಂಥ ನಾಲಿಗೆ ಹೊರಬಂದು ನೆಕ್ಕಿತು. ಎರಡನೆಯ ಹನಿಗೂ ಬಂತು. ಮೂರನೆಯದು ಬಾಯಿಂದ ಜಾರಿ ಅವನ ಹೊಟ್ಟೆಯ ಮೇಲೆ ಇಳಿಯಿತು. ಇನ್ನೊಂದು ಹಾಕು ಎಂದ. ಹಾಕಿದಳು. ಅದೂ ಇಳಿಯಿತು.

ಮಧ್ಯಾಹ್ನದವರೆಗೂ ಅವನು ಕದಲಲಿಲ್ಲ. ಕಾಲು ಜೋಮು ಹಿಡಿದು ಸತ್ತಂತಾಗಿತ್ತು. ಕರೆಂಟು ಬಂದು ಬಿಸಿಪೆಟ್ಟಿಗೆ ಗುಂಯ್‌ಗುಟ್ಟತೊಡಗಿದಾಗ ನಾದಿನಿ ಹತ್ತಿರ ಬಂದು, ಕಂಬಳಿ ಸರಿಸಿ, ಮರಿಯ ಮೂಗಿನ ಬಳಿ ಬೆರಳಿಟ್ಟಳು. ಬಹಳ ಹೊತ್ತು ಇಟ್ಟುಕೊಂಡೇ ಇದ್ದಳು.

“ಕೊಡಿ ಭಾವ.”

“ಬಿಸಿ ಇದೆ. ಮುಟ್ಟಿ ನೋಡು, ಇನ್ನೂ ಬಿಸಿ ಇದೆ.”

“ಅದು ನಿಮ್ಮ ಮೈಬಿಸಿ.”

ಅವನು ಕೈ ಸಡಿಲಿಸಲಿಲ್ಲ. ಅವಳು ಹೋಗಿ ಬಿಸಿಪೆಟ್ಟಿಗೆಯ ಸ್ವಿಚ್ಚು ಆರಿಸಿ ಬಂದು, ಅವನ ಪಕ್ಕ ನೆಲದ ಮೇಲೆ ಕುಳಿತಳು.