ಹುಕ್ಕೇರಿಯಿಂದ ಮೂಡಲಗಿಯ ತೊಟ್ಟಿಲಿಗೆ

ಹುಕ್ಕೇರಿಯಿಂದ ಬೆಳಿಗ್ಗೆ ಗೋಕಾಕದ ಬಸ್ಸು ಹತ್ತಿದೆ. ಮೂಡಲಗಿಯಲ್ಲಿ ತಮ್ಮನ ಮಗಳಿಗೆ ಹೆಸರಿಡುವ ದಿನ. ಸೋದರತ್ತೆಯಾದ ನಾನೇ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಿತ್ತು. ಆದರೆ ಎರಡು ವರ್ಷಗಳಿಂದ ನಾನು ಒಬ್ಬಳೇ ಊರು ದಾಟಿರಲಿಲ್ಲ. ಒಂದು ಯೋಚನೆ ಬಂದರೆ ಅದರ ಬೆನ್ನಿಗೆ ಹತ್ತು ಬರುತ್ತವೆ; ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. "ವಿಚಾರ ಬಂದ್ರ ಬರ್ಲಿ ಬಿಡ್ರಿ, ಅದರ ಕೂಡ ಜಗಳಾಡಬ್ಯಾಡ್ರಿ. ಕೈಯಾಗಿನ ಕೆಲಸ ಮಾತ್ರ ಬಿಡಬ್ಯಾಡ್ರಿ" ಎಂದಿದ್ದರು ಡಾಕ್ಟರು.

ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರು ಹೆಂಗಸರ ಉಚಿತ ಟಿಕೆಟ್ಟು ಹರಿದು ಕೊಟ್ಟರು. ಘಟಪ್ರಭಾದಲ್ಲಿ ರೈಲಿಗೆ ಹೋಗುವವರು ಇಳಿದರು. ಕೌಜಲಗಿಯ ಒಬ್ಬ ಹಿರಿಯ ಹೆಂಗಸು ಪಕ್ಕದಲ್ಲಿ ಬಂದು ಕೂತರು. ಅಷ್ಟರಲ್ಲಿ ನನಗೆ ಶುರುವಾಗಿತ್ತು: ಗ್ಯಾಸು ಬಂದ್ ಮಾಡಿದ್ದೇನೆಯೇ?

"ಯಾಕವಾ, ಇಷ್ಟ್ ಬೆವತಿ?" ಎಂದರು ಆಕೆ. ಹೇಳಿದೆ.

"ಬಾಜೂ ಮನಿಯವ್ರಿಗೆ ಫೋನ್ ಹಚ್ಚಿ ಕೇಳ."

"ಕೇಳಿದ್ರ ಇನ್ನೊಂದು ಚಿಂತಿ ಬರ್ತೈತ್ರಿ. ದಿನಾ ಅದ ಆಗೇತಿ."

ಆಕೆ ನಕ್ಕರು. "ಹಂಗಾದ್ರ ನನ್ ಕೂಡ ಮಾತಾಡ. ಮುಂಜಾನಿಂದ ನನಗೂ ಯಾರೂ ಸಿಕ್ಕಿಲ್ಲ." ಶೇಂಗಾ ಹೋಳಿಗೆ ಮುರಿದು ಅರ್ಧ ಕೊಟ್ಟರು. ತಮ್ಮ ಕುರಿಗಳ ಬಗ್ಗೆ, ಜಗಳಗಂಟಿ ಸೊಸೆಯ ಬಗ್ಗೆ ಗೋಕಾಕದವರೆಗೂ ಹೇಳಿದರು. ಗ್ಯಾಸಿನ ಚಿಂತೆ ಹೋಗಲಿಲ್ಲ. ಆದರೂ ಸೊಸೆಯ ಮಾತಿಗೆ ನಾನು ಎರಡು ಸಲ ನಕ್ಕೆ.

ಗೋಕಾಕದಲ್ಲಿ ಆಕೆ ಕೌಜಲಗಿಯ ಬಸ್ಸಿಗೆ ಹೋದರು. ಬಿಸಿಲು ಚುರುಗುಟ್ಟುತ್ತಿತ್ತು. ಕರದಂಟು ಕೊಂಡು ತಿರುಗಿದರೆ ಎದುರಿಗೇ ಹುಕ್ಕೇರಿಯ ಬಸ್ಸು ನಿಂತಿತ್ತು. ಹತ್ತಿದರೆ ಮನೆ. ಕಂಬಿ ಹಿಡಿದು ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಆಗಲೇ ತಮ್ಮನ ಫೋನು ಬಂತು.

"ಅಕ್ಕಾ, ಎಲ್ಲಿದ್ದೀ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗೋಕಾಕದಾಗ ಅದೇನಿ. ಭಾಳ ಹೆದರಿಕಿ ಆಗಾಕತ್ತೈತೋ. ಹೊಳ್ಳಿ ಹೊಂಟಿದ್ನಿ."

"ಹೆದರಕೋತನ ಬಾರವಾ. ತಡಾ ಆದ್ರ ಆಗ್ಲಿ."

ಹೆದರಿಕೆ ಹೋದ ಮೇಲೆ ಹೊರಡಬೇಕೆಂದು ನಾನು ಎರಡು ವರ್ಷ ಕಾದಿದ್ದೆ. ಕಾಲು ಕೆಳಗಿಳಿಸಿದೆ. ಮೂಡಲಗಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಬಸ್ಸು ಅವುಗಳ ಹಿಂದೆ ತೆವಳುವಾಗಲೆಲ್ಲ ಎದೆ ಬಡಿದುಕೊಳ್ಳುತ್ತಿತ್ತು. ಬಡಿದುಕೊಳ್ಳಲಿ ಎಂದು ಹೊರಗೆ ನೋಡುತ್ತ ಕೂತೆ.

ತಮ್ಮನ ಮನೆಯಲ್ಲಿ ಎಲ್ಲರೂ ಊಟ ಮಾಡದೆ ಕಾದಿದ್ದರು. ತಮ್ಮನ ಹೆಂಡತಿ ಕೂಸನ್ನು ನನ್ನ ಕೈಗೆ ಕೊಟ್ಟಳು. ಅದೇ ಗಳಿಗೆ ಇನ್ನೊಂದು ಯೋಚನೆ ನುಗ್ಗಿತು: ಕೈಜಾರಿದರೆ? ಬಗ್ಗಿ ಆ ಪುಟ್ಟ ಕಿವಿಯಲ್ಲಿ "ಕುರ್‌ರ್... ಗಂಗಾ" ಎಂದೆ. ಹೆಂಗಸರು ನಗುತ್ತ ಪದ್ಧತಿಯಂತೆ ನನ್ನ ಬೆನ್ನಿಗೆ ದಬದಬ ಗುದ್ದಿದರು.

ಕೂಸು ಆಕಳಿಸಿತು. ಅದರ ತಾಯಿ ಹಿಂದಕ್ಕೆ ಇಸಿದುಕೊಳ್ಳಲಿಲ್ಲ. "ಹಿಡ್ಕೊಂಡಿರ್ರಿ ಅಕ್ಕಾರ, ಊಟಕ್ಕ ಎಲಿ ಹಾಕಿ ಬರ್ತೇನಿ" ಎಂದು ಅಡುಗೆಮನೆಗೆ ನಡೆದಳು.